ಭಾಗಮಂಡಲದ ಜೇನಿಗೆ ಅರ್ಧ ಸೆಂಟಿಮೀಟರಿನ ಲೆಕ್ಕ

ಭಾಗಮಂಡಲಕ್ಕೆ ಬರುವವರು ತ್ರಿವೇಣಿ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಎಂಟು ಕಿಲೋಮೀಟರ್ ಮೇಲಿರುವ ತಲಕಾವೇರಿಯ ಹಾದಿ ಹಿಡಿಯುತ್ತಾರೆ. ಮರಳುವಾಗ ಅನೇಕರ ಚೀಲದಲ್ಲಿ ಕೊಡಗಿನ ಜೇನಿನ ಬಾಟಲಿ ಇರುತ್ತದೆ. ಆ ಜೇನು ಕೂಡಿಟ್ಟ ಮನೆ ಹೇಗಿದೆ ಎಂದು ನೋಡುವವರು ಮಾತ್ರ ಕಡಿಮೆ.

ಕಾಫಿ, ಏಲಕ್ಕಿ ತೋಟಗಳ ನೆರಳಿನಲ್ಲಿ ಕಂಬದ ಮೇಲೆ ಕುಳಿತ ಮರದ ಪೆಟ್ಟಿಗೆಯೇ ಆ ಮನೆ. ಮುಚ್ಚಳ ತೆಗೆದರೆ ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತ ಚೌಕಟ್ಟುಗಳು. ಒಂದೊಂದರಲ್ಲೂ ಒಂದೊಂದು ಎರಿ. ವಾಸವಿರುವುದು ನಮ್ಮದೇ ತುಡುವೆ ಜೇನು.

ಎರಡು ಎರಿಗಳ ನಡುವೆ ಹುಳುಗಳು ತಮ್ಮ ಓಡಾಟಕ್ಕೆ ಒಂದು ಸಣ್ಣ ಓಣಿ ಬಿಟ್ಟುಕೊಳ್ಳುತ್ತವೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಈ ಓಣಿಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡು, ಎತ್ತಿ ತೆಗೆಯಬಹುದಾದ ಚೌಕಟ್ಟಿನ ಪೆಟ್ಟಿಗೆ ರೂಪಿಸಿದರು. ಆದರೆ ಅವರ ಹುಳು ಯೂರೋಪಿನದು, ಗಾತ್ರದಲ್ಲಿ ದೊಡ್ಡದು. ಅದಕ್ಕೆ ಒಂದು ಎರಿಯ ನಡುವಿನಿಂದ ಮುಂದಿನದರ ನಡುವಿಗೆ 35 ಮಿಲಿಮೀಟರ್ ಬೇಕು. ತುಡುವೆಗೆ 30ರಿಂದ 32 ಸಾಕು. ದಕ್ಷಿಣ ಭಾರತದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ಕಳೆದ ಶತಮಾನದ ಆರಂಭದಲ್ಲಿ ಈ ಚಿಕ್ಕ ಹುಳುವಿಗೆ ಒಪ್ಪುವ ಚಿಕ್ಕ ಪೆಟ್ಟಿಗೆ ಮಾಡಿ, ಹಳ್ಳಿಗರಿಗೆ ಜೇನು ಸಾಕಣೆ ಕಲಿಸಿದರು.

ನಾಲ್ಕೈದು ಮಿಲಿಮೀಟರಿನಿಂದ ಏನಾದೀತು? ದೊಡ್ಡ ಹುಳುವಿನ ಅಳತೆಯ ಚೌಕಟ್ಟಿನಲ್ಲಿ ತುಡುವೆಯನ್ನು ಕೂರಿಸಿದರೆ ಓಣಿ ಅಗಲವಾಗುತ್ತದೆ. ಖಾಲಿ ಜಾಗದಲ್ಲಿ ಹುಳುಗಳು ಅಡ್ಡ ಎರಿ ಕಟ್ಟುತ್ತವೆ. ಚೌಕಟ್ಟು ಎತ್ತಿದರೆ ಎರಿ ಹರಿದು ಮರಿಗಳು ಸಾಯುತ್ತವೆ. ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಕೊಡಗಿನ ಮಳೆಗಾಲದಲ್ಲಿ ಮೇವಿಲ್ಲದೆ ಕುಟುಂಬ ಸೊರಗಿರುವಾಗ, ಇರುವಷ್ಟು ಹುಳುಗಳೇ ಮೈಯೊತ್ತಿ ಕಾವು ಕಾಯಬೇಕು. ಓಣಿ ಕಿರಿದಾದರೆ ಆ ಕೆಲಸ ಹಗುರ. ಬೇಸತ್ತ ತುಡುವೆ ಪೆಟ್ಟಿಗೆ ಬಿಟ್ಟು ಹಾರಿಹೋಗುವ ಸ್ವಭಾವದ್ದು. ಹೋದರೆ ಕಾಫಿ ಹೂವಿನ ಕಾಲಕ್ಕೆ ಪೆಟ್ಟಿಗೆ ಖಾಲಿ.

ಲಾಭ ಇನ್ನೊಂದಿದೆ. 35 ಮಿಲಿಮೀಟರಿನಂತೆ ಏಳು ಚೌಕಟ್ಟಿಗೆ 245 ಮಿಲಿಮೀಟರ್ ಜಾಗ ಬೇಕು. 30ರಂತೆ ಎಂಟಕ್ಕೆ 240 ಸಾಕು. ಅದೇ ಪೆಟ್ಟಿಗೆ, ಒಂದು ಎರಿ ಹೆಚ್ಚು! ಆದರೆ ಈ ಬಿಗಿ ಮರಿಗಳಿರುವ ಕೆಳಗಿನ ಕೋಣೆಗೆ ಮಾತ್ರ. ಮೇಲಿನ ಜೇನುಕೋಣೆಯಲ್ಲಿ ಎರಿ ದಪ್ಪವಾಗುವುದರಿಂದ ಅಂತರ ತುಸು ಹೆಚ್ಚಿದ್ದರೂ ನಡೆಯುತ್ತದೆ.

ಅಳತೆ ಸರಿಯಿದ್ದರೆ ಕಷ್ಟವೇ ಇಲ್ಲವೆಂದಲ್ಲ. 1991-92ರ ಸುಮಾರಿಗೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಅಳಿಸಿಹಾಕಿತು. ಚೌಕಟ್ಟು ಕಿರಿದಾದ ಮಾತ್ರಕ್ಕೆ ರೋಗ ನಿಲ್ಲಲಾರದು. ಆದರೆ ಅಳಿದುಳಿದ ಕುಟುಂಬಗಳಿಂದ ಮತ್ತೆ ಸಂಸಾರ ಬೆಳೆಸಬೇಕಾದಾಗ, ಅವುಗಳಿಗೆ ಒಗ್ಗುವ ಮನೆ ಕೊಡುವುದಾದರೂ ಮನುಷ್ಯರ ಕೈಯಲ್ಲಿದೆ.

ಮಕ್ಕಳೊಡನೆ ಭಾಗಮಂಡಲಕ್ಕೆ ಹೋಗುವವರು ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಯನ್ನೂ ಜತೆಗೊಯ್ಯಲಿ. ಜೇನು ಸಾಕುವವರು ಖಾಲಿ ಪೆಟ್ಟಿಗೆಯೊಂದನ್ನು ತೋರಿಸಿದರೆ ಅಳೆದು ನೋಡಬಹುದು. ಶಾಲೆಯಲ್ಲಿ ಬೇಸರ ತರಿಸುವ ಮಿಲಿಮೀಟರು ಅಲ್ಲಿ ಒಂದಿಡೀ ಸಂಸಾರದ ಪ್ರಶ್ನೆ.