ಮೀನುಣ್ಣದವರ ಎಲೆ

ಕರಾವಳಿಯ ಮನೆಗಳಲ್ಲಿ ಮೀನೆಂಬುದಕ್ಕೆ ವಿಶೇಷವಾದ ಸ್ಥಾನವುಂಟು. ಬಂಗುಡೆಯೋ ಬೂತಾಯಿಯೋ ಒಲೆಯ ಮೇಲೆ ಕುದಿಯುತ್ತಿದ್ದರೆ ಊಟಕ್ಕೆ ಯಾರನ್ನೂ ಎರಡನೆಯ ಸಲ ಕರೆಯಬೇಕಾಗುವುದಿಲ್ಲ. ಆದರೂ ಮೀನಿಲ್ಲದ ದಿನಗಳು ಇಂಥ ಮನೆಗಳಿಗೆ ಹೊಸತೇನಲ್ಲ. ಸೋಮವಾರವೆಂದು ಕೆಲವರು, ಶ್ರಾವಣವೆಂದು ಕೆಲವರು ಬಿಡುವುದುಂಟು. ಮೀನುಗಳು ಮರಿಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಪೇಟೆಯಲ್ಲಿ ತಾಜಾ ಮೀನು ವಿರಳವಾಗುವುದು. ಇಂಥ ದಿನಗಳಲ್ಲಿ ಮನೆಮಂದಿಯೆಲ್ಲ ಒಟ್ಟಾಗಿ ತರಕಾರಿಯುಣ್ಣುವುದರಿಂದ ಯಾರಿಗೂ ಕೊರತೆಯೆನಿಸದು. ಮಿಕ್ಕವರೆಲ್ಲರೂ ಮೀನುಣ್ಣುವಾಗ ಒಬ್ಬರು ಮಾತ್ರ ಉಣ್ಣದಿದ್ದರೆ ಅವರ ಎಲೆಗೆ ಏನನ್ನು ಬಡಿಸಬೇಕು? ಗೃಹಸ್ಥರು ಯೋಚಿಸತಕ್ಕ ವಿಷಯವಿದು.

ನಮ್ಮ ಮನೆಯಲ್ಲಿ ಅಂಥವರು ಇಬ್ಬರಿದ್ದಾರೆ. ನಮ್ಮ ಸೋದರತ್ತೆಯವರು ಅರುವತ್ತು ತುಂಬಿದ ವರ್ಷ ತಾವಾಗಿಯೇ ಮೀನನ್ನು ಬಿಟ್ಟರು. ಮೊಮ್ಮಗಳಿಗಾದರೋ ಮೀನಾಗಲಿ ಸೀಗಡಿಯಾಗಲಿ ಮೈಗೊಗ್ಗದು. ತುಟಿ ಬಾತು ಉಸಿರು ಕಟ್ಟಿಕೊಳ್ಳುವುದರಿಂದ ವೈದ್ಯರು ಪೂರಾ ವರ್ಜಿಸಬೇಕೆಂದಿದ್ದಾರೆ. ಒಬ್ಬರದು ಇಚ್ಛೆ, ಮತ್ತೊಬ್ಬಳದು ನಿರ್ಬಂಧ. ಅತ್ತೆಯವರು ಮೀನಿನ ದಿನ “ನನಗೆ ಗಂಜಿ, ಉಪ್ಪಿನಕಾಯಿ ಸಾಕು” ಎನ್ನುವರು. ಸಾಕೆನ್ನುವುದು ಹಿರಿಯ ಹೆಂಗಸರ ಅಭ್ಯಾಸ. ಅದನ್ನು ಹಾಗೆಯೇ ನಂಬಿ ಸುಮ್ಮನಿರುವುದು ಮನೆಯವರಿಗೆ ಅನುಕೂಲವಾದೀತು, ನ್ಯಾಯವಾಗಲಾರದು. ಮಗುವಾದರೋ ಸಾಕೆನ್ನುವುದನ್ನು ಇನ್ನೂ ಕಲಿತಿಲ್ಲ. ಪಕ್ಕದ ಎಲೆಯನ್ನೇ ನೋಡುತ್ತ ಕುಳಿತಿರುವಳು.

ಈ ಮಾತು ಬಂದಾಗ ನಮಗೆ ಬಂಗಾಳದ ನೆನಪಾಗುವುದು. ಅಲ್ಲಿ ಮೇಲ್ಜಾತಿಯ ಹಿಂದೂ ಮನೆಗಳಲ್ಲಿಯೂ ಮೀನುಣ್ಣುವ ರೂಢಿ. ಹಿಂದಿನ ಕಾಲದಲ್ಲಿ ಗಂಡ ತೀರಿಕೊಂಡ ದಿನದಿಂದ ಹೆಂಗಸಿಗೆ ಮೀನು, ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ನಿಷಿದ್ಧವಾಗುತ್ತಿದ್ದವು. ಇಷ್ಟೆಲ್ಲ ಕಸಿದುಕೊಂಡರೂ ಆ ಹೆಂಗಸರ ಕೈಯ ಜಾಣ್ಮೆಯನ್ನು ಕಸಿಯಲಾಗಲಿಲ್ಲ. ಬಂಗಾಳದ ಸಸ್ಯಾಹಾರದ ಅಡಿಗೆಯಲ್ಲಿ ಬಹುಭಾಗ ಅವರ ಒಲೆಯಲ್ಲಿ ಬೆಳೆದುದು. ಕಡಲೆಬೇಳೆಯನ್ನು ನೆನೆಯಿಸಿ ರುಬ್ಬಿ, ಬಾಣಲೆಯಲ್ಲಿ ಕೆದಕಿ ಗಟ್ಟಿಮಾಡಿ, ತಟ್ಟೆಗೆ ಹರವಿ ಬಿಲ್ಲೆಗಳಾಗಿ ಕೊಯ್ದು, ಕರಿದು, ಸಾರಿಗೆ ಬಿಡುವ ‘ಧೋಕಾರ್ ದಾಲ್ನಾ’ ಎಂಬ ಪದಾರ್ಥ ಇಂದಿಗೂ ಅಲ್ಲಿ ಪ್ರಸಿದ್ಧ. ಧೋಕಾ ಎಂದರೆ ಮೋಸ. ನಾಲಗೆಗೆ ಇಂಥ ಸವಿಯಾದ ಮೋಸವನ್ನು ಕಲ್ಪಿಸಿದವರಿಗೆ ಬಾಳಿನಲ್ಲಿ ಆದ ಮೋಸ ಎಷ್ಟು ದೊಡ್ಡದೆಂಬುದನ್ನು ವಾಚಕರೇ ಊಹಿಸಬಹುದು. ಮೀನನ್ನು ಬಿಡುವುದಾದರೆ ಅದು ಸ್ವಂತ ಮನಸ್ಸಿನಿಂದಲೋ ಮೈಯ ಕಾರಣದಿಂದಲೋ ಆಗಬೇಕೇ ಹೊರತು ಪರರ ಹೇರಿಕೆಯಿಂದ ಆಗಬಾರದು. ಬಿಟ್ಟವರ ಎಲೆಯಂತೂ ಎಂದಿಗೂ ಕೀಳಾಗಬಾರದು.

ಇನ್ನು ಅಡಿಗೆಯ ವಿಷಯ. ಮೀನಿನಲ್ಲಿ ನಾಲಗೆಗೆ ಹಿಡಿಸುವುದರಲ್ಲಿ ಅರ್ಧಪಾಲು ಮಸಾಲೆಯದು, ಹುಳಿಯದು, ಕಾವಲಿಯ ಮೇಲಿನ ಗರಿಯದು. ಇವು ಮೂರೂ ತರಕಾರಿಗೆ ಒಲಿಯುವವು. ಹುರಿಯುವುದಕ್ಕೆ ಜೀಗುಜ್ಜೆಗೆ ಸಮನಾದುದಿಲ್ಲ. ಇದನ್ನು ಕೆಲವೆಡೆ ದೀವಿಹಲಸೆನ್ನುವರು. ಬಲಿತು ಗಟ್ಟಿಯಾಗಿರುವ, ಹಣ್ಣಾಗದ ಕಾಯನ್ನು ಆರಿಸಬೇಕು. ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ಹೆರೆದು, ನಡುವಿನ ಗೂಂಜು ತೆಗೆದು, ಅರ್ಧ ಬೆರಳು ದಪ್ಪದ ಹೋಳುಗಳನ್ನು ಮಾಡಿ ಉಪ್ಪು ಸವರಿರಿ. ಎಂಟು ಬ್ಯಾಡಗಿ ಮೆಣಸಿನಕಾಯಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಚಿಟಿಕೆ ಅರಸಿನ, ಇಂಗು ಅಥವಾ ಬೆಳ್ಳುಳ್ಳಿ ಇವನ್ನು ನೀರು ಹೆಚ್ಚು ಹಾಕದೆ ನುಣ್ಣಗೆ ಅರೆದು ಹೋಳುಗಳಿಗೆ ಬಳಿದು ಅರ್ಧ ಗಂಟೆ ಇಡಬೇಕು. ಅನಂತರ ಅಕ್ಕಿಹಿಟ್ಟು ಬೆರೆಸಿದ ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಎರಡು ಮಗ್ಗುಲೂ ಬೇಯಿಸಿದರೆ ಮೇಲೆ ಗರಿಯಾಗಿ ಒಳಗೆ ಮೆತ್ತಗಾಗುವುದು. ಬಾಳೆಕಾಯಿಯಿಂದಲೂ ಹೀಗೆಯೇ ಮಾಡಬಹುದು. ಸುವರ್ಣಗೆಡ್ಡೆಯನ್ನಾದರೆ ಮೊದಲು ಹುಣಸೆಯ ನೀರಿನಲ್ಲಿ ಅರೆಬೇಯಿಸಿಕೊಳ್ಳಬೇಕು. ಇಲ್ಲವಾದರೆ ಗಂಟಲು ತುರಿಸೀತು. ಸೀಗಡಿಯ ಸುಕ್ಕದ ಬದಲಿಗೆ ಎಳೆಯ ಗುಜ್ಜೆಯನ್ನೋ ಸಿಂಪಿ ಅಣಬೆಯನ್ನೋ ಬಳಸಬಹುದು. ಗುರುತರಿಯದ ಕಾಡಣಬೆಯನ್ನು ಮಾತ್ರ ಮನೆಯೊಳಕ್ಕೆ ತರಕೂಡದು.

ಸಾರಿಗೆ ಮೀನುಸಾರಿನ ಘಮವನ್ನು ಕೊಡುವ ಗುಟ್ಟು ಜುಮ್ಮನಕಾಯಿಯಲ್ಲಿದೆ. ಕೊಂಕಣಿಗರು ಇದನ್ನು ತೆಪ್ಪಲವೆನ್ನುವರು. ಬಂಗುಡೆಯ ಸಾರಿಗೆ ಹಾಕುವ ಕಾಯಿಯೂ ಇದೇ. ಒಣಗಿದ ಎಂಟು ಹತ್ತು ಕಾಯಿಗಳ ಒಳಗಿನ ಕರಿಬೀಜವನ್ನು ಚೆಲ್ಲಿ, ಸಿಪ್ಪೆಯನ್ನು ಮಾತ್ರ ಜಜ್ಜಿ ನೀರಿಗೆ ಹಾಕಿಡಿರಿ. ತೆಂಗಿನಕಾಯಿ, ಮೆಣಸು, ಹುಣಸೆಹಣ್ಣು ಅರೆದ ಮಸಾಲೆಯಲ್ಲಿ ಬೇಯಿಸಿದ ಸುವರ್ಣಗೆಡ್ಡೆಯನ್ನೋ ಬಟಾಟೆಯನ್ನೋ ಕುದಿಸಿ, ಇಳಿಸುವ ಮುನ್ನ ಈ ನೀರನ್ನು ಸಿಪ್ಪೆಸಹಿತ ಬಿಟ್ಟು, ಮೇಲೊಂದು ಚಮಚ ಹಸಿ ತೆಂಗಿನೆಣ್ಣೆ ಹಾಕಿದರಾಯಿತು. ಅತ್ತೆಯವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದು ಈ ಸಾರಿಗೆ ಮಾತ್ರ.

ರುಚಿ ಒದಗಿದ ಮಾತ್ರಕ್ಕೆ ಪುಷ್ಟಿಯೂ ಒದಗಿತೆಂದು ತಿಳಿಯಬಾರದು. 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಸಸಾರಜನಕವಿರುವುದು. ಅಷ್ಟೇ ತೂಕದ ಬಾಳೆಕಾಯಿಯಲ್ಲಾಗಲಿ ಜೀಗುಜ್ಜೆಯಲ್ಲಾಗಲಿ ಅದು ಒಂದೆರಡು ಗ್ರಾಮಿಗೆ ಮೀರದು. ಆದುದರಿಂದ ಹೋಳಿನ ಜತೆಗೆ ಹುರುಳಿ, ಹೆಸರು, ಅಲಸಂದೆ, ಸೋಯಾ ಇವುಗಳಲ್ಲಿ ಒಂದಾದರೂ ಎಲೆಯಲ್ಲಿರಬೇಕು. ಮೀನೆಣ್ಣೆಯ ಒಳ್ಳೆಯ ಕೊಬ್ಬಿನ ಬಳಗಕ್ಕೆ ಸೇರಿದ್ದೊಂದು ಅಗಸೆಬೀಜದಲ್ಲಿ ಉಂಟು. ಆದರೆ ದೇಹವು ಅದರಲ್ಲಿ ಸ್ವಲ್ಪವನ್ನು ಮಾತ್ರ ಮೀನೆಣ್ಣೆಯ ಬಗೆಗೆ ಮಾರ್ಪಡಿಸಿಕೊಳ್ಳಬಲ್ಲುದು. ಬಿ 12 ಜೀವಸತ್ತ್ವವಂತೂ ತರಕಾರಿ ಬೇಳೆಗಳಲ್ಲಿ ದೊರೆಯದು. ಹಾಲು ಮೊಸರುಗಳಿಂದ ಅದು ಒದಗುವುದು. ಅವನ್ನೂ ಬಿಟ್ಟವರು, ವಿಶೇಷವಾಗಿ ವೃದ್ಧರು, ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದೇ ಲೇಸು.

ಇತ್ತೀಚೆಗೆ ಸೋಯಾ ಮೊದಲಾದುವುಗಳಿಂದ ಮಾಡಿದ ‘ಸಸ್ಯ ಮೀನು’ ಪೊಟ್ಟಣಗಳಲ್ಲಿ ಮಾರಾಟಕ್ಕೆ ಬರುತ್ತಿದೆ. ಕೊಳ್ಳುವವರು ಬೆನ್ನಿನ ಬರಹದಲ್ಲಿ ಸಸಾರಜನಕವೆಷ್ಟು, ಉಪ್ಪೆಷ್ಟು ಎಂದು ಓದಿನೋಡಬೇಕು. ಹೆಸರು ಮೀನಿನದಾದ ಮಾತ್ರಕ್ಕೆ ಗುಣವೂ ಮೀನಿನದಾಗಬೇಕೆಂದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಪಾತ್ರೆಯ ಮಾತು. ಮೀನು ಹುರಿದ ಎಣ್ಣೆಯಲ್ಲಿಯೇ ಜೀಗುಜ್ಜೆಯನ್ನು ಹುರಿದು ಬಡಿಸಿದರೆ, ವ್ರತಸ್ಥರಿಗೆ ಅದು ಮನಸ್ಸಿನ ನೋವು. ನಮ್ಮ ಮಗುವಿನಂಥವರಿಗೆ ಪ್ರಾಣದ ಅಪಾಯ. ಆದಕಾರಣ ನಮ್ಮಲ್ಲಿ ಕಾವಲಿ, ಸಟ್ಟುಗ, ಎಣ್ಣೆ ಮೂರೂ ಬೇರೆ; ತರಕಾರಿ ಮೊದಲು, ಮೀನು ಆಮೇಲೆ. ಬೇಯುವ ಮೀನಿನ ಹಬೆಯೂ ಕೆಲವರಿಗೆ ತೊಂದರೆ ಕೊಡುವುದರಿಂದ, ಆಗ ಮಗುವನ್ನು ಅಡಿಗೆಮನೆಗೆ ಬಿಡುವುದಿಲ್ಲ. ಅವಳು ಜಗಲಿಯಿಂದಲೇ “ಅಜ್ಜೀ, ನನ್ನ ಕಾವಲಿಯಾಯಿತೇ?” ಎಂದು ಕೂಗಿ ಕೇಳುವಳು.

ಕೊನೆಗೊಂದು ಸೂಚನೆ. ಜೀಗುಜ್ಜೆಯನ್ನು ಉಣ್ಣದವರ ಲೆಕ್ಕಕ್ಕೆ ಮಾತ್ರ ಹೆಚ್ಚಿದರೆ ಸಾಲದು. ಬಂಗುಡೆ ಬಡಿಸಿಕೊಂಡವರೂ ಆ ಕಡೆಗೆ ಕೈ ನೀಡುವರು. ಕಾಯಿ ದೊಡ್ಡದನ್ನೇ ಆರಿಸಿ ತನ್ನಿರಿ.