ಗುನ್ನೆ ಎಂಬ ಒಂದು ಮಾತು

ನಮ್ಮ ನಿರ್ಣಾ, ಹುಮನಾಬಾದ ಕಡೆಯ ಮಾತಿನಲ್ಲಿ ‘ಗುನ್ನೆ’ ಎಂಬ ಶಬ್ದವನ್ನು ನೀವೆಲ್ಲ ಕೇಳಿದವರೇ. ಪಾರ್ಸಿಯ ‘ಗುನಾಹ್’ ಅದರ ಮೂಲ. ಠಾಣೆಯ ಕಾಗದದಲ್ಲಿ ಗುನ್ನೆಯೆಂದರೆ ಅಪರಾಧ. ಉರ್ದು ಬಲ್ಲವರಿಗೆ ‘ಗುನಾಹ್’ ಎಂದರೆ ಪಾಪವೂ ಹೌದು. ‘ಫಿರ್ ಸುಬಹ್ ಹೋಗಿ’ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಈ ಎರಡು ಅರ್ಥಗಳು ನೆನಪಾಗುತ್ತವೆ.

ರಮೇಶ್ ಸೈಗಲ್ ನಿರ್ದೇಶಿಸಿದ ಈ ಹಿಂದಿ ಚಿತ್ರ ಬಂದದ್ದು 1958ರಲ್ಲಿ. ರಾಜ್ ಕಪೂರ್, ಮಾಲಾ ಸಿನ್ಹಾ ಅವರ ಅಭಿನಯ, ಸಾಹಿರ್ ಲುಧಿಯಾನ್ವಿ ಅವರ ಗೀತೆಗಳು, ಖಯ್ಯಾಂ ಅವರ ಸಂಗೀತ. ಆಧಾರ, ದಾಸ್ತೋವಸ್ಕಿಯು 1866ರಲ್ಲಿ ಪ್ರಕಟಿಸಿದ ‘ಅಪರಾಧ ಮತ್ತು ಶಿಕ್ಷೆ’.

ಕಾದಂಬರಿಯ ರಸ್ಕೋಲ್ನಿಕೋವ್ ಬಡ ವಿದ್ಯಾರ್ಥಿ. ಆದರೆ ಅವನು ಗಿರವಿಯ ಮುದುಕಿಯನ್ನು ಕೊಡಲಿಯಿಂದ ಕೊಂದದ್ದು ಬರಿಯ ಬಡತನದಿಂದಲ್ಲ. ಅಸಾಮಾನ್ಯರಿಗೆ ಧರ್ಮದ ಗೆರೆ ದಾಟುವ ಹಕ್ಕಿದೆಯೆಂಬ ಸಿದ್ಧಾಂತವೂ ಅವನ ತಲೆಯಲ್ಲಿತ್ತು. ಆ ಹೊತ್ತಿಗೆ ಮುದುಕಿಯ ತಂಗಿ, ಯಾರಿಗೂ ಕೇಡೆಣಿಸದ ಲಿಜಾವೆತಾ ಒಳಗೆ ಬರುತ್ತಾಳೆ, ಅವಳನ್ನೂ ಕೊಲ್ಲುತ್ತಾನೆ. ದೋಚಿದ್ದನ್ನು ಕಲ್ಲಿನಡಿ ಬಚ್ಚಿಟ್ಟು, ಒಂದು ಕಾಸನ್ನೂ ಬಳಸಲಾರದೆ ಜ್ವರದಲ್ಲಿ ಬೇಯುತ್ತಾನೆ. ಸೈಬೀರಿಯದ ಎಂಟು ವರ್ಷಗಳ ಶಿಕ್ಷೆ ಆಮೇಲಿನದು.

ಚಿತ್ರದ ರಾಮನಾದರೋ ತಾನು ಒಲಿದವಳನ್ನು ಉಳಿಸಿಕೊಳ್ಳಲು ಹಣಕ್ಕಾಗಿ ಬಡ್ಡಿ ಸಾಹುಕಾರನ ತಿಜೋರಿಗೆ ಕೈಯಿಕ್ಕುತ್ತಾನೆ. ಸಿಕ್ಕಿಬಿದ್ದಾಗ ಕೊಲೆ ನಡೆದುಹೋಗುತ್ತದೆ. ಹೀಗೆ ಸಿದ್ಧಾಂತದ ಜಾಗಕ್ಕೆ ದಾರಿದ್ರ್ಯ ಬರುತ್ತದೆ, ನಮ್ಮ ಕನಿಕರವೂ ಸಲೀಸಾಗಿ ಅವನತ್ತ ಹರಿಯುತ್ತದೆ.

ಮಳೆಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ಸಾಲದ ಸಂಕಟವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ‘ಅಂಥವನು ಸತ್ತರೇನು ನಷ್ಟ?’ ಎಂದು ಕಟ್ಟೆಯ ಮೇಲೆ ಕುಳಿತು ಹೇಳುವುದು ಸುಲಭ. ರಸ್ಕೋಲ್ನಿಕೋವನೂ ಇದೇ ಲೆಕ್ಕವನ್ನು ಹಾಕಿದ್ದನೆಂಬುದನ್ನು ಮರೆಯಬಾರದು. ಆ ಲೆಕ್ಕದಲ್ಲಿ ಲಿಜಾವೆತಾ ಇರಲಿಲ್ಲ. ಕೇಡಿಗನೊಬ್ಬನಿಗೆಂದು ಎತ್ತಿದ ಕೊಡಲಿ ಅವನೊಬ್ಬನಲ್ಲಿಗೇ ನಿಲ್ಲುವುದಿಲ್ಲ.

ಆದರೂ ಚಿತ್ರವನ್ನು ನಾನು ಕಡೆಗಣಿಸಲಾರೆ. ಕೊಲೆಯ ಆರೋಪ ಬೇರೊಬ್ಬನ ಮೇಲೆ ಬಂದಾಗ ರಾಮನು ನ್ಯಾಯಾಲಯದಲ್ಲಿ ನಿಂತು ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಬಡತನವು ಅವನ ಕೈಯನ್ನು ಅಲ್ಲಿಗೆ ಎಳೆದೊಯ್ದಿರಬಹುದು. ತಪ್ಪಿನ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಲು ಅದು ನೆಪವಾಗದು. ಠಾಣೆಯ ಗುನ್ನೆ ಸಾಕ್ಷಿಯಿಲ್ಲದೆ ಬಿದ್ದುಹೋದೀತು. ಎದೆಯೊಳಗಿನ ಗುನ್ನೆಗೆ ಸಾಕ್ಷಿಯೂ ನಾವೇ, ಮುನಸೀಫರೂ ನಾವೇ.