ಕಣ್ಣಿದ್ದವರ ಕನಕಗಿರಿ

ನಮ್ಮ ಸೀಮೆಯಲ್ಲಿ ಒಂದು ಗಾದೆಯುಂಟು: ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಹಂಪೆ ವಿಸ್ತಾರವಾದುದು, ತಿರುಗಿ ತಿರುಗಿ ಕಾಲು ಸೋಲತಕ್ಕದ್ದು. ಕನಕಗಿರಿಯ ಗುಡಿಯಾದರೋ ಒಂದೆಡೆ ನಿಂತೇ ನೋಡಿ ಕಣ್ಣು ದಣಿಯತಕ್ಕದ್ದು ಎಂಬುದು ಅದರ ಅಭಿಪ್ರಾಯ. ಈ ಗಾದೆಯನ್ನು ನಾವು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಮಕ್ಕಳಿಗೆ ಹೇಳಿದ್ದೇವೆ, ವಿಸ್ತರಿಸಿ ಬರೆಯಿರೆಂದು ಪ್ರಶ್ನೆ ಹಾಕಿದ್ದೇವೆ, ಅಂಕಗಳನ್ನೂ ಕೊಟ್ಟಿದ್ದೇವೆ. ಆದರೆ ವಾಚಕರಲ್ಲಿ ಮುಚ್ಚಿಡುವುದೇತಕ್ಕೆ? ಕೊಪ್ಪಳದಲ್ಲಿ ಮನೆ ಮಾಡಿಕೊಂಡು, ಮದುವೆ ಮುಂಜಿಗಳಿಗೆಂದು ಗಂಗಾವತಿಗೆ ಎಷ್ಟೋ ಸಲ ಹೋಗಿಬಂದ ನಾವು, ಅಲ್ಲಿಂದ ಸುಮಾರು ೨೦ ಕಿಲೋಮೀಟರು ದೂರದ ಕನಕಗಿರಿಯನ್ನು ಕಳೆದ ಮಾಘಮಾಸದವರೆಗೆ ಕಂಡವರಲ್ಲ. ಇಲ್ಲೇ ಇದೆಯಲ್ಲ, ಎಂದಾದರೂ ಹೋದರಾಯಿತು ಎಂಬ ಸಮಾಧಾನ ಒಂದಿತ್ತು. ಕಾಶಿಗೆ ಹೋಗಿಬಂದೆವು, ರಾಮೇಶ್ವರಕ್ಕೆ ಹೋಗಿಬಂದೆವು. ನೆರೆಯ ಊರು ಮಾತ್ರ ಉಳಿದುಹೋಯಿತು.

ಕೊಪ್ಪಳದ ರೈಲು ನಿಲ್ದಾಣದ ಹಾದಿಯಲ್ಲಿ ಒಂದು ಸಣ್ಣ ಹೋಟೆಲುಂಟು. ಬೆಳಿಗ್ಗೆ ಆರೂವರೆಗೆ ನಾಲ್ವರು ಅಲ್ಲಿ ಚಹಕ್ಕೆ ಕೂಡುವುದು ನಮ್ಮ ನಿವೃತ್ತಿಯ ತರುವಾಯ ಬೆಳೆದ ಪರಿಪಾಠ. ಕಾಳುಕಡಿಯ ವ್ಯಾಪಾರವನ್ನು ಮಕ್ಕಳಿಗೊಪ್ಪಿಸಿದ ಶೆಟ್ಟರು ಒಬ್ಬರು, ಕೋರ್ಟಿಗೆ ಹೋಗುವುದನ್ನು ಬಿಟ್ಟರೂ ವಾದಿಸುವುದನ್ನು ಬಿಡದ ವಕೀಲರು ಒಬ್ಬರು, ನಮ್ಮೊಡನೆ ಒಂದೇ ಶಾಲೆಯಲ್ಲಿ ದುಡಿದ ಚಿತ್ರಕಲೆಯ ಮಾಸ್ತರರು ಒಬ್ಬರು, ನಾಲ್ಕನೆಯವರು ನಾವು. ಗವಿಸಿದ್ಧೇಶ್ವರನ ಜಾತ್ರೆ ಮುಗಿದು ಎಂಟು ದಿನ ಕಳೆದಿರಬಹುದು. ಆ ಮುಂಜಾವಿನಲ್ಲಿ ಚಿತ್ರದ ಮಾಸ್ತರರು ಚಹದ ಕಪ್ಪನ್ನು ಮೇಜಿನ ಅಂಚಿನಿಂದಾಚೆಗೆ, ಬರಿಯ ಗಾಳಿಯ ಮೇಲೆ ಇಟ್ಟುಬಿಟ್ಟರು. ಕಪ್ಪು ಒಡೆಯಿತು, ನಾವು ನಕ್ಕೆವು. ಅವರು ನಗಲಿಲ್ಲ.

ಸಂಗತಿ ಹೊರಬಿದ್ದುದು ಆಗಲೇ. ಕಣ್ಣಿನೊಳಗಿನ ಒತ್ತಡವೇರಿ ದೃಷ್ಟಿಯ ನರವು ಸದ್ದಿಲ್ಲದೆ ಸೊರಗುವ ರೋಗ. ವೈದ್ಯರು ಗ್ಲಾಕೋಮಾ ಎನ್ನುತ್ತಾರೆ. ನೋವಿಲ್ಲ, ಕೆಂಪಿಲ್ಲ. ನೋಟವು ಮೊದಲು ಅಂಚುಗಳಲ್ಲಿ ಸವೆಯುತ್ತ ಬರುವುದರಿಂದ ಎಷ್ಟೋ ಕಾಲ ರೋಗಿಗೇ ತಿಳಿಯದು. ಹೋದ ದೃಷ್ಟಿ ಮರಳಿ ಬಾರದು; ಔಷಧದ ಹನಿಗಳಿಂದ ಉಳಿದುದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ. ನಲವತ್ತು ದಾಟಿದ ಗೃಹಸ್ಥರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಒತ್ತಡವನ್ನು ಅಳೆಯಿಸಿಕೊಳ್ಳಬೇಕೆಂಬುದನ್ನು ನಾವು ಈ ಸಂದರ್ಭದಲ್ಲಿ ತಿಳಿದುಕೊಂಡೆವು. ನಮ್ಮ ಮಿತ್ರರು ಚಾಳೀಸಿನ ದೋಷವೆಂದು ಅಂಗಡಿಯಿಂದ ಅಂಗಡಿಗೆ ಕನ್ನಡಕ ಬದಲಿಸುತ್ತ ವರ್ಷಗಳನ್ನು ಕಳೆದಿದ್ದರು.

“ಕೊಳವಿಯೊಳಗಿಂದ ನೋಡಿದಾಂಗ ಆಗೈತ್ರಿ ಪಂಡಿತರ,” ಎಂದರು. ಸ್ವಲ್ಪ ತಡೆದು, “ಕನಕಗಿರಿ ನೋಡೋದು ಉಳದೇಬಿಡ್ತು,” ಎಂದರು.

ಶೆಟ್ಟರು ಬರುವ ಗುರುವಾರಕ್ಕೆ ತಮ್ಮ ಮೋಟಾರನ್ನು ಗೊತ್ತುಮಾಡಿದರು. ಕನಕಗಿರಿಯೊಂದೇ ಏಕೆ, ಬಿಟ್ಟುದೆಲ್ಲವನ್ನೂ ಒಂದೇ ದಿನದಲ್ಲಿ ನೋಡಿಬಿಡೋಣವೆಂದು ವಕೀಲರು ದೊಡ್ಡದೊಂದು ಪಟ್ಟಿಯನ್ನೇ ಬರೆದರು. ಅದರಲ್ಲಿ ಅರ್ಧವೂ ನಡೆಯಲಿಲ್ಲ. ಕುಷ್ಟಗಿಯ ಕಡೆಯ ಪುರದ ಸೋಮನಾಥನೂ ಆನೆಗೊಂದಿಯೂ ಪಟ್ಟಿಯಲ್ಲಿಯೇ ಉಳಿದವು.

ಮೊದಲು ಊರಿನೊಳಗಿನದೇ ಬಾಕಿಯನ್ನು ತೀರಿಸಬೇಕಾಗಿತ್ತು. ಗವಿಮಠಕ್ಕೆ ನಾವು ಹೋಗದ ವರ್ಷವಿಲ್ಲ. ಆದರೆ ಅದೇ ಬೆಟ್ಟದ ಬಂಡೆಯ ಮೇಲಿರುವ ಅಶೋಕನ ಶಾಸನದ ಎದುರಿಗೆ ನಿಂತದ್ದು ಅಂದೇ ಮೊದಲು. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನೆಂಬ ಹೆಸರೇ ಇದ್ದುದರಿಂದ, ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಸ್ಥಿರಪಟ್ಟಿತು. ಗವಿಮಠದ ಶಾಸನವು ಬೆಳಕಿಗೆ ಬಂದುದು ೧೯೩೧ರಲ್ಲಿ. ಇಲ್ಲಿಯದೇ ಪಾಲ್ಕಿಗುಂಡಿನಲ್ಲಿ ಇನ್ನೊಂದುಂಟು. ‘ದೇವಾನಾಂಪ್ರಿಯ’ ಎಂಬುದು ಅಲುಕ್ ಸಮಾಸಕ್ಕೆ ಉದಾಹರಣೆಯೆಂದು ನಾವು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೋ! ಚಕ್ರವರ್ತಿಯ ಆ ಬಿರುದಿಗೆ ಮುಂದಿನ ವೈಯಾಕರಣರು ಮೂರ್ಖನೆಂದು ಅರ್ಥ ಹೇಳಿದರು. ಮೂವತ್ತು ವರ್ಷ ಉದಾಹರಣೆ ಕೊಟ್ಟು, ಮನೆಯ ಹಿತ್ತಲಿನಂತಿರುವ ಬಂಡೆಯನ್ನು ನೋಡದೆ ಉಳಿದವನಿಗೆ ಈ ಎರಡನೆಯ ಅರ್ಥದಲ್ಲಿ ಆ ಶಬ್ದ ಚೆನ್ನಾಗಿ ಹೊಂದುತ್ತದೆಂದು ವಕೀಲರು ತೀರ್ಪು ಕೊಟ್ಟರು.

ಅಕ್ಷರಗಳು ಬ್ರಾಹ್ಮಿಯವು, ಭಾಷೆ ಪ್ರಾಕೃತ. ನಾವು ಪುಸ್ತಕದಿಂದ ತಿಳಿದಿದ್ದ ತಾತ್ಪರ್ಯವನ್ನು ಗಟ್ಟಿಯಾಗಿ ಹೇಳಿದೆವು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತು. ಮೊದಮೊದಲು ತಾನು ಹೆಚ್ಚಿನ ಪ್ರಯತ್ನ ಮಾಡಲಿಲ್ಲ. ಸಂಘವನ್ನು ಸೇರಿದ ಮೇಲೆ ಚೆನ್ನಾಗಿ ಪ್ರಯತ್ನಪಟ್ಟೆನು ಎಂದು ದೊರೆಯು ತಾನೇ ಒಪ್ಪಿಕೊಳ್ಳುತ್ತಾನೆ. ಚಿತ್ರದ ಮಾಸ್ತರರು ಬಂಡೆಗೆ ಮುಖವನ್ನು ಹತ್ತಿರ ತಂದು, ಒಂದೊಂದೇ ಅಕ್ಷರವನ್ನು ಕಣ್ಣಿನ ಆ ಸಣ್ಣ ಕಿಂಡಿಯೊಳಕ್ಕೆ ತಂದುಕೊಳ್ಳುತ್ತಿದ್ದರು. “ದೊರಿನೂ ತಡಾ ಮಾಡಿದ್ನಲ್ರಿ,” ಎಂದು ನಕ್ಕರು. ಇಳಿಯುವಾಗ ಪ್ರತಿಯೊಂದು ಮೆಟ್ಟಿಲಿಗೂ ನಮ್ಮ ಭುಜವನ್ನು ಹಿಡಿದರು. ಹಿಂದೆಂದೂ ಅವರು ನಮ್ಮನ್ನು ಹಾಗೆ ಮುಟ್ಟಿದವರಲ್ಲ; ಅದಕ್ಕೊಂದು ಕಾರಣವಿತ್ತು, ಮುಂದೆ ಹೇಳುತ್ತೇವೆ.

ಅಲ್ಲಿಂದ ಕುಕನೂರಿಗೆ. ಯಲಬುರ್ಗಿಯ ಕಡೆಯ ಈ ಕರಿಯ ಎರೆಯ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಮಹಾಮಾಯೆಯ ಗುಡಿಯ ಬಳಿಯ ನವಲಿಂಗ ದೇವಾಲಯಗಳು ರಾಷ್ಟ್ರಕೂಟರ ಕಾಲದವು. ಅವುಗಳನ್ನು ಸುತ್ತಿ ಬರುವಷ್ಟರಲ್ಲಿ ಹಸಿವಾಯಿತು. ಬಸ್ ನಿಲ್ದಾಣದ ಹತ್ತಿರ ಒಂದು ತಗಡಿನ ಚಪ್ಪರದ ಹೋಟೆಲು. ಮಂಡಾಳು ಒಗ್ಗರಣೆ, ಮೇಲೆ ಪುಠಾಣಿ ಹಿಟ್ಟು, ಮಗ್ಗುಲಲ್ಲಿ ಆಗತಾನೆ ಕಡಾಯಿಯಿಂದ ತೆಗೆದ ಮಿರ್ಚಿ. ಈ ವಯಸ್ಸಿಗೆ ಎಣ್ಣೆಯ ಪದಾರ್ಥ ಬೇಡವೆಂದು ನಾಲ್ವರಿಗೂ ಮನೆಯಲ್ಲಿ ಕಟ್ಟಪ್ಪಣೆಯಿತ್ತು. ಎರಡೆರಡು ಮಿರ್ಚಿ ತಿಂದು, ಈ ವಿಷಯವನ್ನು ಯಾರ ಮನೆಯಲ್ಲಿಯೂ ಹೇಳತಕ್ಕದ್ದಲ್ಲವೆಂದು ನಿರ್ಣಯಿಸಿದೆವು. ಇಲ್ಲಿ ಅಚ್ಚಾದ ಮೇಲೆ ಆ ನಿರ್ಣಯ ಬಿದ್ದುಹೋದಂತೆಯೇ. ಹೋಟೆಲಿನ ಹುಡುಗನು ಚಿತ್ರದ ಮಾಸ್ತರರ ಕೈಯಲ್ಲಿಯೇ ಚಹದ ಗ್ಲಾಸನ್ನು ಇಟ್ಟನು. ಅವನಿಗೆ ಯಾರೂ ಹೇಳಿರಲಿಲ್ಲ.

ಇಟಗಿಯ ಮಹಾದೇವ ದೇವಾಲಯದ ಮುಂದೆ ನಾವು ಬಹಳ ಹೊತ್ತು ನಿಂತೆವು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಗುಡಿ ಇದು. ‘ದೇವಾಲಯ ಚಕ್ರವರ್ತಿ’ ಎಂದು ಶಾಸನವೇ ಇದನ್ನು ಕರೆಯುತ್ತದೆ. ತಂದೆಯ ಹೆಸರಿನಲ್ಲಿ ಒಂದು, ತಾಯಿಯ ಹೆಸರಿನಲ್ಲಿ ಒಂದು ಗುಡಿಯನ್ನೂ ಆತನು ಕಟ್ಟಿಸಿದನು. ಬಳಪದ ಕಲ್ಲನ್ನು ತಿರುಗಣಿಯಲ್ಲಿ ಕಡೆದು ಮಾಡಿದ ಕಂಬಗಳು, ಒಂದೊಂದು ಬಳೆಯ ಗೆರೆಯೂ ಕೂದಲೆಳೆಯಷ್ಟು ಸ್ಫುಟ. ಶೆಟ್ಟರು ಕಂಬಗಳನ್ನು ಎಣಿಸಲಾರಂಭಿಸಿ, ಲೆಕ್ಕ ತಪ್ಪಿ, ಮತ್ತೆ ಎಣಿಸಿದರು.

ಚಿತ್ರದ ಮಾಸ್ತರರು ಮುಷ್ಟಿಯನ್ನು ಕೊಳವೆಯಂತೆ ಮಾಡಿ, “ಹೀಂಗ ನೋಡ್ರಿ, ನಾ ನೋಡಿದಾಂಗ,” ಎಂದು ನಮಗೆ ತೋರಿಸಿದರು. ನಾವೂ ಒಂದು ಕಣ್ಣು ಮುಚ್ಚಿ, ಮುಷ್ಟಿಯೊಳಗಿಂದ ನೋಡಿದೆವು. ಗುಡಿಯೆಂಬುದು ಹೋಯಿತು, ಶಿಖರ ಹೋಯಿತು, ಆಕಾಶ ಹೋಯಿತು. ಬಾಗಿಲ ತೋಳಿನ ಮೇಲೆ ಒಂದು ಬಳ್ಳಿಯ ಸುರುಳಿ, ಅದರೊಳಗೆ ಬೆರಳುದ್ದದ ಒಂದು ಆಕೃತಿ ಮಾತ್ರ ಉಳಿಯಿತು. ಅದನ್ನು ನಾವು ತೆರೆದ ಎರಡು ಕಣ್ಣುಗಳಿಂದ ಕಂಡೇ ಇರಲಿಲ್ಲ. ನಾಲ್ವರು ಮುದುಕರು ಮುಷ್ಟಿಯನ್ನು ಕಣ್ಣಿಗೆ ಹಚ್ಚಿಕೊಂಡು ಗೋಡೆಯುದ್ದಕ್ಕೂ ಸರಿಯುತ್ತಿರುವುದನ್ನು ಕಂಡು, ಪ್ರವಾಸಕ್ಕೆ ಬಂದಿದ್ದ ಶಾಲೆಯ ಹುಡುಗಿಯರು ನಕ್ಕರು. ತರುವಾಯ ಅವರೂ ಹಾಗೆಯೇ ನೋಡತೊಡಗಿದರು.

ಮರಳುವ ಹಾದಿಯಲ್ಲಿ ಕಿನ್ನಾಳಕ್ಕೆ ತಿರುಗಿ, ಚಿತ್ರಗಾರರ ಮನೆಯೊಂದರ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತೆವು. ಹಗುರಾದ ಮರದ ಬೊಂಬೆಗೆ ಚಿಂದಿ, ಹೊಟ್ಟು, ಹುಣಿಸೆ ಬೀಜದ ಅಂಟು ಇವುಗಳ ಲೇಪ ಕೊಟ್ಟು, ಅದರ ಮೇಲೆ ಬಣ್ಣ ಹಚ್ಚುವುದು ಅಲ್ಲಿಯ ಕುಶಲತೆ. ಚಿತ್ರದ ಮಾಸ್ತರರು ಒಂದು ಹಸುವಿನ ಬೊಂಬೆಯ ಕೊರಳಿನ ಉಬ್ಬುಮಣಿಗಳನ್ನು ಬೆರಳಿನಿಂದ ತಡವಿ ಎಣಿಸಿ, “ಒಂದು ಮಣಿ ಕಮ್ಮಿ ಐತಿ,” ಎಂದರು. ಕುಶಲಗಾರನು ನೋಡಿ ಹೌದೆಂದನು. ಆ ಹಸುವನ್ನೇ ಕೊಂಡರು.

ಊಟ ಕೊಪ್ಪಳದ ಖಾನಾವಳಿಯೊಂದರಲ್ಲಿ: ಕಟಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಅಲ್ಲಿಂದ ಗಂಗಾವತಿಯ ದಾರಿ ಹಿಡಿದ ಮೇಲೆ ನೆಲದ ಬಣ್ಣವೇ ಬೇರೆ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟಾದ ಮೇಲೆ ಎಡದಂಡೆಯ ಕಾಲುವೆಯು ಈ ಪ್ರದೇಶವನ್ನು ಭತ್ತದ ಕಣಜವನ್ನಾಗಿ ಮಾಡಿತು. ಎರಡನೆಯ ಬೆಳೆಯ ಸಸಿ ನಾಟಿ ಮಾಡಿದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ಹಸಿರೊಂದು ತನಗೆ ಇನ್ನೂ ಚೆನ್ನಾಗಿ ಕಾಣುತ್ತದೆಂದು ಚಿತ್ರದ ಮಾಸ್ತರರು ಕಿಟಕಿಯ ಗಾಜನ್ನು ಇಳಿಸಿದರು.

ಕನಕಗಿರಿಗೆ ನಾವು ಮುಟ್ಟಿದಾಗ ಸಂಜೆ ಐದು ಮೀರಿತ್ತು. ತಪ್ಪು ನಮ್ಮದೇ, ಯಾವುದಕ್ಕಾಗಿ ಹೊರಟೆವೋ ಅದನ್ನೇ ಕೊನೆಗೆ ಇಟ್ಟಿದ್ದೆವು. ಅಶೋಕನ ದಕ್ಷಿಣದ ಆಡಳಿತದ ಸ್ಥಾನವಾದ ಸುವರ್ಣಗಿರಿಯು ಇದೇ ಎಂದು ಕೆಲವು ವಿದ್ವಾಂಸರ ಮತ. ಬೇರೆ ಊರುಗಳನ್ನು ಹೇಳುವವರೂ ಉಂಟು. ಕನಕಾಚಲಪತಿಯ ಗುಡಿಯಂತೂ ವಿಜಯನಗರದ ಕಾಲದ ಇಲ್ಲಿಯ ನಾಯಕರದು. ಬಿಸಿಲಿನಲ್ಲಿ ಒಂದಿಷ್ಟು ಕಾಣುವ ಕಣ್ಣಿಗೆ ಮಬ್ಬು ಬೆಳಕಿನ ಮಂಟಪದೊಳಗೆ ಏನೂ ಕಾಣದು. ಚಿತ್ರದ ಮಾಸ್ತರರು ಒಂದು ಕಂಬವನ್ನು ಹಿಡಿದು ನಿಂತು, ಚೀಲದಿಂದ ಚಿತ್ರದ ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದು, “ಪಂಡಿತರ, ಎದುರಿಗೆ ಏನೈತಿ ಹೇಳ್ರಿ, ನಾ ಬರೀತೀನಿ,” ಎಂದರು.

ಎದುರಿನ ಕಂಬದ ಮೇಲೆ ಕೈಮುಗಿದು ನಿಂತ ಒಂದು ಪುರುಷಮೂರ್ತಿ. ನಾವು ನಮಗೆ ಬಂದ ರೀತಿಯಲ್ಲಿ ಆರಂಭಿಸಿದೆವು: ಕಮಲದಳದಂತಹ ನೇತ್ರಗಳು, ಶಂಖದಂತಹ ಕಂಠ, ಆಜಾನುಬಾಹು—

“ಅದೆಲ್ಲಾ ಬ್ಯಾಡ್ರಿ,” ಎಂದರು, ತುಸು ಬಿರುಸಾಗಿ. “ಕಣ್ಣು ತೆರದಾನೋ ಮುಚ್ಚ್ಯಾನೋ? ಮೂಗು ಎಷ್ಟು ದಪ್ಪ? ಯಾವ ಕಾಲ ಮ್ಯಾಲ ಭಾರ ಹಾಕ್ಯಾನ?”

ನಮಗೆ ಒಡನೆ ಉತ್ತರ ತಿಳಿಯಲಿಲ್ಲ. ಮುಂದೆ ಹೋಗಿ ನೋಡಿದೆವು, ಹಿಂದಕ್ಕೆ ಬಂದು ಹೇಳಿದೆವು, ಮತ್ತೆ ಹೋದೆವು. ಕಣ್ಣು ಅರ್ಧ ಮುಚ್ಚಿದೆ. ಹೊಟ್ಟೆ ಕೊಂಚ ಮುಂದೆ ಬಂದಿದೆ. ಎಡಗೈಯ ಕಿರುಬೆರಳು ಮುರಿದಿದೆ. ವಕೀಲರೂ ಶೆಟ್ಟರೂ ಸೇರಿಕೊಂಡರು. ಮೂಗಿನ ವಿಷಯದಲ್ಲಿ ಮೂವರಲ್ಲಿಯೂ ವಾದವಾಯಿತು. ಅವರ ಪೆನ್ಸಿಲು ಕಾಗದದಿಂದ ಮೇಲೇಳದೆ ನಡೆಯುತ್ತಿತ್ತು.

ಹಿಂದೆ ಹೇಳಿದ ಕಾರಣ ಇದು. ನಾವು ಮುಖ್ಯಾಧ್ಯಾಪಕರಾಗಿದ್ದಾಗ, ಹತ್ತನೆಯ ತರಗತಿಯ ಫಲಿತಾಂಶ ಇಳಿಯಿತೆಂದು, ವಾರಕ್ಕೆ ಎರಡಿದ್ದ ಚಿತ್ರಕಲೆಯ ಅವಧಿಗಳನ್ನು ಕಿತ್ತು ವ್ಯಾಕರಣಕ್ಕೆ ಕೊಟ್ಟಿದ್ದೆವು. ಅಂದು ಅವರು ಒಂದು ಮಾತನ್ನೂ ಆಡಲಿಲ್ಲ. ಬಣ್ಣದ ಪೆಟ್ಟಿಗೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನಮ್ಮ ಮೇಜಿನ ಮೇಲೆ ಇಟ್ಟು ಹೋದರು. ಆಮೇಲೆ ಹನ್ನೊಂದು ವರ್ಷ ಒಂದೇ ಶಾಲೆ, ಎಷ್ಟೋ ವರ್ಷ ಒಂದೇ ಹೋಟೆಲಿನ ಚಹ; ಆ ಮಾತು ಮಾತ್ರ ನಮ್ಮ ನಡುವೆ ಏಳಲಿಲ್ಲ.

ಗಂಗಾವತಿಗೆ ಮರಳಿ, ರಾತ್ರಿಯ ದೀಪಗಳ ಕೆಳಗೆ ಚಹಕ್ಕೆ ಕುಳಿತಾಗ ನಾವು ಆ ಮಾತನ್ನೆತ್ತಿ, ಅದು ನಮ್ಮಿಂದ ಅನ್ಯಾಯವಾಯಿತೆಂದೆವು. ಅವರು ಗ್ಲಾಸನ್ನು ಎರಡೂ ಕೈಗಳಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಆ ಬೀಗದ ಕೈ ಎಲ್ಲೈತ್ರಿ ಈಗ?”

“ನಮ್ಮ ತರುವಾಯ ಬಂದವರಿಗೆ ಕೊಟ್ಟುಬಂದೆವು.”

“ಕಪಾಟು ತೆರದಾರೇನು?”

ನಾವು ವಿಚಾರಿಸಿರಲಿಲ್ಲ. ಮರುದಿನ ಹೋಗಿ ವಿಚಾರಿಸಿದೆವು; ಕಪಾಟಿನಲ್ಲಿ ಹಳೆಯ ಹಾಜರಿ ಪುಸ್ತಕಗಳಿದ್ದವು, ಬಣ್ಣಗಳು ಒಣಗಿ ಕಲ್ಲಾಗಿದ್ದವು. ಹೊಸ ಬಣ್ಣಗಳನ್ನು ಕೊಂಡು ಕೊಟ್ಟೆವು. ಈಗ ಶನಿವಾರ ಬೆಳಿಗ್ಗೆ ಶಾಲೆ ಬಿಟ್ಟ ಮೇಲೆ ಚಿತ್ರದ ಮಾಸ್ತರರು ಹೋಗಿ ಒಂದು ಗಂಟೆ ಕುಳಿತುಕೊಳ್ಳುತ್ತಾರೆ. ಮಕ್ಕಳು ತಾವು ಬರೆದುದನ್ನು ಅವರಿಗೆ ಬಾಯಿಂದ ಹೇಳಬೇಕು.

ಫಾಲ್ಗುಣದ ಜಾತ್ರೆಗೆ ಮುಂಚೆ ನಾವು ಮತ್ತೊಮ್ಮೆ ಕನಕಗಿರಿಗೆ ಹೋದೆವು, ಈ ಸಲ ಬೆಳಿಗ್ಗೆ ಒಂಬತ್ತಕ್ಕೆ, ಆ ಚಿತ್ರವನ್ನು ಜೊತೆಗೆ ತೆಗೆದುಕೊಂಡು. ಕಂಬದ ಪಕ್ಕಕ್ಕೆ ಹಿಡಿದು ನೋಡಿದರೆ ನಿಲುವು ಸರಿಯಾಗಿದೆ, ಹೊಟ್ಟೆ ಸರಿಯಾಗಿದೆ, ಮುರಿದ ಕಿರುಬೆರಳೂ ಸರಿಯಾಗಿದೆ. ಮೂಗು ಮಾತ್ರ ಚಿತ್ರದಲ್ಲಿ ಬಹಳ ದಪ್ಪ. ಅದನ್ನು ಹಾಗೆ ಹೇಳಿದವರು ತಾವಲ್ಲವೆಂದು ವಕೀಲರು ಇನ್ನೂ ವಾದಿಸುತ್ತಿದ್ದಾರೆ.